ಅರವತ್ತರ ಇಬ್ಬರು ಗಂಡಸರ ಪ್ರೇಮ, 24 ಪುಟದ ಮಾಂಗಾ: ಮುಖಕ್ಕೆ ವಯಸ್ಸು ಕೂರುತ್ತಿಲ್ಲ

ಮಸಿಕುಡಿಕೆ:
ಟೋಕಿಯೊದಲ್ಲಿ ನಡೆಯುವ 24 ಪುಟದ ಮಾಂಗಾ (ಜಪಾನಿ ಶೈಲಿಯ ಚಿತ್ರಕಥೆ) ಕೈಯಲ್ಲಿದೆ. ಇಬ್ಬರು ಗಂಡಸರು, 61 ಮತ್ತು 58, ಇಪ್ಪತ್ತು ವರ್ಷದಿಂದ ಜೊತೆಗಿರುವವರು. ಕಾಲ 2012. ಬಿ4 ಹಾಳೆ, ಮಸಿಯಲ್ಲಿ ಅದ್ದಿ ಬರೆಯುವ ಜಿ-ಪೆನ್ನು, ಮುದ್ರಣ ಬಿ6 ಅಳತೆಗೆ. ದೊಡ್ಡ ಚೌಕದಲ್ಲಿ ವಯಸ್ಸು ಕಾಣುತ್ತೆ, ಸಣ್ಣದಕ್ಕೆ ಬಂದರೆ ಇಬ್ಬರೂ ತಲೆಗೆ ಸುಣ್ಣ ಬಳಿದುಕೊಂಡ ಕಾಲೇಜು ಹುಡುಗರು. ಇನ್ನೊಂದು, ಮುತ್ತು-ಕಣ್ಣೀರು ಇಲ್ಲದೆ ಇದು ಪ್ರೇಮಕಥೆ ಅಂತ ಓದುವವರಿಗೆ ತಟ್ಟಿಸುವುದು ಹೇಗೆ? ಹಿರಿಯನಿಗೆ ಕಾಯಿಲೆ ಬರುತ್ತದೆ, ಮನೆ ಅವನ ಹೆಸರಲ್ಲಿದೆ. ಜಪಾನಿನ ಕಾನೂನು ಬಲ್ಲವರು ಅದನ್ನೂ ಹೇಳಿ.

ಟೋನ್‌ಕತ್ತರಿ:
ಮೊದಲು ಅಳತೆ ನೋಡಿ. ಬಿ4 ಮಾಂಗಾ ಹಾಳೆಯಲ್ಲಿ ಕತ್ತರಿಸುವ ಗೆರೆ 220×310 ಮಿ.ಮೀ., ಬಿ6 ಪುಸ್ತಕ 128×182. ಚಿತ್ರ ಸುಮಾರು ಶೇ. 58ಕ್ಕೆ ಕುಗ್ಗುತ್ತದೆ. ಸುಕ್ಕಿಗೆ ಎಳೆದ 0.1 ಮಿ.ಮೀ. ಗೆರೆ 0.06 ಆಗಿ ಮುದ್ರಣದಲ್ಲಿ ಹರಿದುಹೋಗುತ್ತದೆ. ಸುಕ್ಕು ಹೋದ ಮೇಲೆ ಉಳಿಯುವುದು ಅದರಡಿಯ ಹುಡುಗನ ಮುಖ.

ಆದ್ದರಿಂದ ವಯಸ್ಸು ಆಕಾರದಲ್ಲೇ ಇರಬೇಕು. ಮೇಲಿನ ರೆಪ್ಪೆ ಹೊರತುದಿಯಲ್ಲಿ ಇಳಿಬೀಳಲಿ, ಕಣ್ಣಿನ ಎತ್ತರ ತಗ್ಗಲಿ. ಮೂಗಿನ ತುದಿ ತುಸು ಕೆಳಗೆ, ಕಿವಿ ಉದ್ದ, ತುಟಿ ತೆಳು. ದವಡೆಯ ಗೆರೆ ಗಲ್ಲದ ಪಕ್ಕದಲ್ಲಿ ಒಮ್ಮೆ ಜೋತು ಮತ್ತೆ ಏಳಬೇಕು. ಕತ್ತು ಮುಂದಕ್ಕೆ, ಹೆಗಲು ದುಂಡಗೆ. ಇಷ್ಟಾದ ಮೇಲೆ ಎರಡೇ ಗೆರೆ ಸಾಕು: ಮೂಗಿನಿಂದ ಬಾಯಿಯ ಮೂಲೆಗೊಂದು, ಕಣ್ಣಿನ ಕೆಳಗೊಂದು. ಮುಖ 2 ಸೆಂ.ಮೀ.ಗಿಂತ ಚಿಕ್ಕದಾದರೆ ಅವೂ ಬೇಡ. ಆಕೃತಿಗೆ ಪೂರ್ತಿ ಕಪ್ಪು ತುಂಬಿ ನೋಡಿ. ಹೊರಗೆರೆಯಿಂದಲೇ ವಯಸ್ಸು ತಿಳಿಯದಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ಕೂದಲಿಗೆಲ್ಲ ಟೋನ್ (ಬೂದು ಛಾಯೆಗೆ ಅಂಟಿಸುವ ಚುಕ್ಕಿಹಾಳೆ) ಅಂಟಿಸಬೇಡಿ. ಕಿವಿಯ ಮೇಲೆ ಬಿಳಿ ಬಿಡಿ, ತಲೆಯ ಹಿಂಭಾಗ ಕಪ್ಪಿರಲಿ. ಇಂಚಿಗೆ 60 ಗೆರೆ ಚುಕ್ಕಿಗಳಿರುವ ಟೋನ್ ಕುಗ್ಗಿದಾಗ ಇಂಚಿಗೆ 103 ಗೆರೆಯಷ್ಟು ಒತ್ತಾಗಿ ಚುಕ್ಕಿ ಕೂಡಿಕೊಳ್ಳುತ್ತವೆ. 42.5 ಗೆರೆಯದು ತಗೊಳ್ಳಿ, 73ರ ಹತ್ತಿರ ನಿಲ್ಲುತ್ತದೆ. ಕಂಪ್ಯೂಟರಿನಲ್ಲಾದರೆ ಪುಟ ಕುಗ್ಗಿಸಿದ ಮೇಲೆ ಟೋನ್ ಹಾಕಿ, ಇಲ್ಲದಿದ್ದರೆ ಅಲೆಅಲೆಯ ಕಲೆ ಏಳುತ್ತದೆ.

ಕೈಗಳಿಗೆ ಮಾತ್ರ ಜಿಪುಣತನ ಬೇಡ. ದಪ್ಪಗಾದ ಗೆಣ್ಣು, ಉಬ್ಬಿದ ನರ, ಸಡಿಲವಾದ ಚರ್ಮ ಇರುವ ಎರಡು ಕೈಗಳಿಗೆ ಅರ್ಧ ಪುಟ ಕೊಡಿ.

ರಾತ್ರಿಯೂಟ:
ಯೊಶಿನಾಗಾ ಫುಮಿ ಅವರ ಮಾಂಗಾ ‘ಕಿನೋ ನಾನಿ ತಬೆತಾ?’ (ನಿನ್ನೆ ಏನು ತಿಂದೆ?) ಎದುರಿಗಿಟ್ಟುಕೊಳ್ಳಿ. 2007ರಿಂದ ‘ಮಾರ್ನಿಂಗ್’ ಪತ್ರಿಕೆಯಲ್ಲಿ ಬರುತ್ತಿದೆ. ಶುರುವಿನಲ್ಲಿ ವಕೀಲ ಶಿರೊಗೆ 43, ಸಲೂನಿನ ಕೆಂಜಿಗೆ 41. ಓದುಗರ ಜೊತೆಜೊತೆಗೇ ಅವರಿಗೂ ವಯಸ್ಸಾಗುತ್ತಾ ಐವತ್ತು ದಾಟಿದೆ. ಮೊದಮೊದಲು ಇಬ್ಬರ ಊಟಕ್ಕೆ ತಿಂಗಳಿಗೆ 25,000 ಯೆನ್ ಅಂತ ಶಿರೊ ಹಠ ಹಿಡಿದು, ಸೂಪರ್‌ಮಾರ್ಕೆಟಿನಲ್ಲಿ ದರ ನೋಡಿ, ಮನೆಗೆ ಬಂದು ಬೇಯಿಸಿ ಬಡಿಸುತ್ತಾನೆ; ಕೆಂಜಿ ತುತ್ತು ಬಾಯಿಗಿಟ್ಟು ಮುಖ ಅರಳಿಸುತ್ತಾನೆ. ಪ್ರೇಮವೆಲ್ಲ ಅಲ್ಲೇ ಇದೆ. ಕೆಂಜಿ ಸಲೂನಿನಲ್ಲಿ ತಾನು ಗೇ ಎಂದು ಹೇಳಿಕೊಂಡವನು, ಶಿರೊ ಆಫೀಸಿನಲ್ಲಿ ಮುಚ್ಚಿಟ್ಟವನು. ಸಂಪುಟಗಟ್ಟಲೆ ತಿಕ್ಕಾಟಕ್ಕೆ ಅಷ್ಟು ಸಾಕಾಗಿದೆ.

ನೀವೂ ಒಂದು ದಿನಚರಿಯನ್ನು ಹಿಡಿದು ಎರಡು ಸಲ ತೋರಿಸಿ. 4ನೇ ಪುಟದಲ್ಲಿ, ಕಿರಿಯ ಔಷಧದ ಚೀಟಿಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡುತ್ತಾನೆ. ಹಿರಿಯ ಪತ್ರಿಕೆಯಿಂದ ತಲೆ ಎತ್ತದೆಯೇ ತನ್ನ ಕನ್ನಡಕ ತೆಗೆದು ಆ ಕಡೆ ಚಾಚುತ್ತಾನೆ. 18ನೇ ಪುಟದಲ್ಲಿ ಅದೇ ಕೋನ, ಅದೇ ಚೀಟಿ, ಕನ್ನಡಕ ಮೇಜಿನ ಮೇಲೆ, ಎದುರಿನ ಕುರ್ಚಿ ಖಾಲಿ. ಮಾತಿನ ಗುಳ್ಳೆಯಲ್ಲಿ ಒಂದಕ್ಷರವೂ ಬೇಡ.

ಯೌವನದ ಹಿನ್ನೋಟ ಒಂದು ಪುಟ ಮೀರದಿರಲಿ. ಎಂಟು ಪುಟ ಹೋದರೆ ಅದು ಹುಡುಗರ ಕಥೆಯೇ. ಹಾಗಂತ ಇವರಿಗೆ ಆಸೆ ಬತ್ತಿಹೋಗಿದೆ ಎಂದು ಮಾತ್ರ ಮಾಡಬೇಡಿ, ಅದು ಅನ್ಯಾಯ. ಗೇ ಪತ್ರಿಕೆಗಳಿಗೆ ಬರೆದು ಬೆಳೆದ ತಗಾಮೆ ಗೆಂಗೊರೊ ಅವರ ಚಿತ್ರಗಳಲ್ಲಿ ನಡುವಯಸ್ಸಿನ ದಪ್ಪ ಮೈ, ರೋಮ, ಅಗಲ ಸೊಂಟಗಳೇ ಚೆಲುವು.

ದಸ್ತಾವೇಜು:
2012 ಅಂದಿರಿ, ಹಾಗಾದರೆ ಸಲಿಂಗಿ ಜೋಡಿಗಳಿಗೆ ಕೊಡುವ ಸಂಗಾತಿ ಪ್ರಮಾಣಪತ್ರ ತೋರಿಸುವ ಹಾಗಿಲ್ಲ. ಟೋಕಿಯೊದ ಶಿಬುಯಾ, ಸೆತಗಾಯಾ ವಾರ್ಡುಗಳು ಅದನ್ನು ಕೊಡಲು ಶುರುಮಾಡಿದ್ದು 2015ರ ನವೆಂಬರಿನಲ್ಲಿ, ಅದರಿಂದ ಆಸ್ತಿಯ ಹಕ್ಕೂ ಬರುವುದಿಲ್ಲ. ಆಗಿದ್ದ ದಾರಿ ಎರಡು.

ಒಂದು ದತ್ತು. ವಯಸ್ಸಿನಲ್ಲಿ ಹಿರಿಯನಾದವನು, ಒಂದೇ ದಿನದ ಹಿರಿತನವಾದರೂ ಸರಿ, ಕಿರಿಯನನ್ನು ಮಗನಾಗಿ ತಗೊಳ್ಳಬಹುದು. ಅರ್ಜಿಗೆ ಇಬ್ಬರು ವಯಸ್ಕ ಸಾಕ್ಷಿಗಳ ಸಹಿ ಬೇಕು, ಕಿರಿಯನ ಮನೆತನದ ಹೆಸರು ಬದಲಾಗುತ್ತದೆ. ಮುಂದೆ ದತ್ತು ರದ್ದಾದರೂ ಅವರಿಬ್ಬರ ನಡುವೆ ಮದುವೆಗೆ ನಾಗರಿಕ ಸಂಹಿತೆ ಅಡ್ಡ ಬರುತ್ತದೆ. ಮುಂದೊಂದು ದಿನ ಕಾನೂನು ಬದಲಾಗಿ ಇಬ್ಬರು ಗಂಡಸರ ಮದುವೆಗೂ ಒಪ್ಪೀತೆಂದು ಕಾಯುವವರು ಹಿಂಜರಿಯುವುದು ಇದಕ್ಕೇ. ನಿಮ್ಮ ಕಥೆಯ ಜಗಳವೂ ಇದೇ ಆಗಬಹುದು.

ಎರಡನೆಯದು ಉಯಿಲು. 2012ರಲ್ಲಿ ಸ್ವಂತ ಉಯಿಲಾದರೆ ಆಸ್ತಿಪಟ್ಟಿಯೂ ಸೇರಿ ಪ್ರತಿ ಅಕ್ಷರ ಕೈಬರಹದಲ್ಲೇ ಇರಬೇಕಿತ್ತು (ಪಟ್ಟಿ ಟೈಪು ಮಾಡಲು ಬಿಟ್ಟದ್ದು 2019ರಲ್ಲಿ). ತಾರೀಖು, ಹೆಸರು, ಮುದ್ರೆ ಇವುಗಳಲ್ಲಿ ಒಂದು ತಪ್ಪಿದರೂ ಅಸಿಂಧು. ಹಿರಿಯನ ತಂದೆತಾಯಿ ಇದ್ದಾರಾ?

ಮಸಿಕುಡಿಕೆ:
ತಾಯಿ ಇದ್ದಾರೆ, 86. ಒಬ್ಬ ತಮ್ಮನೂ ಇದ್ದಾನೆ. ಇನ್ನೊಂದು ಕೇಳಬೇಕಿತ್ತು: ಜಪಾನಿ ಪುಟ ನೋಡಿಕೊಂಡು ಬರೆದ ಗುಳ್ಳೆಗಳಲ್ಲಿ ಕನ್ನಡ ಹಿಡಿಯುತ್ತಿಲ್ಲ.

ದಸ್ತಾವೇಜು:
ಹಾಗಾದರೆ ಉಯಿಲಿದ್ದರೂ ತಾಯಿ ಮೂರನೇ ಒಂದು ಪಾಲು ಕೇಳಬಹುದು. ತಮ್ಮನಿಗೆ ಆ ಹಕ್ಕಿಲ್ಲ. ದತ್ತು ಆಗಿದ್ದರೆ ಮಗನೇ ಮೊದಲ ವಾರಸುದಾರ, ತಾಯಿಯ ಪಾಲು ಏಳುವುದೇ ಇಲ್ಲ.

ಅಕ್ಷರಜೋಡಣೆ:
ಜಪಾನಿ ಮೇಲಿನಿಂದ ಕೆಳಗೆ ಓಡುತ್ತದೆ, ಅದಕ್ಕೇ ಅಲ್ಲಿನ ಗುಳ್ಳೆ ಉದ್ದ, ಸಪೂರ. ‘ಮರೆತುಬಿಟ್ಟಿದ್ದೀಯಲ್ಲ’ ಅನ್ನುವ ಒಂದೇ ಪದ ಅದರ ಎರಡೂ ಕಡೆ ಚಾಚಿಕೊಳ್ಳುತ್ತದೆ. ಅಗಲದ ಗುಳ್ಳೆ ಬರೆಯಿರಿ, ಸಾಲಿಗೆ ಎರಡು-ಮೂರು ಪದ, ಸುತ್ತ 3 ಮಿ.ಮೀ. ಖಾಲಿ. ಒತ್ತಕ್ಷರ ಕೆಳಸಾಲಿಗೆ ತಾಗದಂತೆ ಸಾಲಿನ ಅಂತರ ಅಕ್ಷರದ ಗಾತ್ರದ 1.4 ಪಟ್ಟು ಇಡಿ. ಫೋಟೋಶಾಪಿನಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ಟೈಪ್ ಆಯ್ಕೆಯಲ್ಲಿ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ.

ಚೌಕಗಳನ್ನು ಈಗಲೇ ಎಡದಿಂದ ಬಲಕ್ಕೆ ಜೋಡಿಸಿ. ಜಪಾನಿನ ಹಾಗೆ ಬಲದಿಂದ ಬರೆದು ಆಮೇಲೆ ಪುಟವನ್ನು ಕನ್ನಡಿಯ ಬಿಂಬದಂತೆ ಮಗುಚಿದರೆ ಯುಕಾತಾದ (ಜಪಾನಿನ ಹತ್ತಿಯ ನಿಲುವಂಗಿ) ಮಡಿಕೆಯೂ ಮಗುಚುತ್ತದೆ: ಎಡಸೆರಗು ಮೇಲಿರಬೇಕಾದದ್ದು ಬಲಸೆರಗು ಮೇಲಾಗುತ್ತದೆ. ಜಪಾನಿನಲ್ಲಿ ಹಾಗೆ ಉಡಿಸುವುದು ಹೆಣಕ್ಕೆ. ಒಬ್ಬ ಕಾಯಿಲೆ ಬಿದ್ದಿರುವ ಕಥೆಯಲ್ಲಿ, ಬಲ್ಲ ಓದುಗರು ಅದನ್ನು ನೀವು ಬೇಕೆಂದೇ ಕೊಟ್ಟ ಸೂಚನೆ ಅಂದುಕೊಳ್ಳುತ್ತಾರೆ.