ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ. ಸೋಮವಾರ ಬೆಳಿಗ್ಗೆ ಮಂಗಳೂರಿಗೆ ಹೋಗಲೇಬೇಕು

ಕಟಪಾಡಿ_ಕಾರು (ಶನಿವಾರ, ಸಂಜೆ 6.10)
ಬೆಳಿಗ್ಗೆಯಿಂದ ಇದೇ ಕೆಲಸ, ತಲೆ ಕೆಟ್ಟುಹೋಗಿದೆ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಜೋರಾಗಿ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುತ್ತಿಲ್ಲ. ಒಂದು ಸಲ ಕೂಡ ಟಪ್ ಅನ್ನಲಿಲ್ಲ. ಬ್ಯಾಟರಿ ಹೊಸದು. ಪೆಟ್ರೋಲ್ ಉಂಟು. ಪ್ಲಗ್ ಬದಲಾಯಿಸಿದೆ, ಏರ್ ಫಿಲ್ಟರ್ ಬಿಚ್ಚಿ ನೋಡಿದೆ. ಅಮ್ಮನನ್ನು ಸೋಮವಾರ 9 ಗಂಟೆಗೆ ಮಂಗಳೂರಲ್ಲಿ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ನಾಳೆ ಇಲ್ಲಿ ಗ್ಯಾರೇಜ್ ಎಲ್ಲ ಬಂದ್. ಏನು ನೋಡಲಿ, ದಯವಿಟ್ಟು ಹೇಳಿ.

ಮೂಲ್ಕಿ_ಸ್ಪ್ಯಾನರ್ (6.22)
ಫ್ಯುಯೆಲ್ ಪಂಪ್. ಬೇರೆ ಯೋಚನೆಯೇ ಬೇಡ. ಹಿಂದಿನ ಸೀಟ್ ಎತ್ತಿ, ಯಾರಾದರೂ ಕಿವಿ ಇಟ್ಟು ಕೇಳಲಿ. ಕೀ ಆನ್ ಮಾಡಿದಾಗ ಝುಂಯ್ ಅಂತ ಶಬ್ದ ಬರಬೇಕು.

ಸುರತ್ಕಲ್_ಮೀಟರ್ (6.40)
ಮೊದಲು ಗಾಡಿ ಯಾವುದು ಹೇಳಿ ಮಾರಾಯ್ರೆ. ಪೆಟ್ರೋಲ್ ಅಂತ ಊಹಿಸಿದೆ, ಎಷ್ಟು ವರ್ಷ ಹಳೆಯದು? ಬ್ಯಾಟರಿ ಹೊಸದು ಎಂದರೆ ಸಾಲದು, ವೋಲ್ಟ್ ಎಷ್ಟು? ಕೀ ಗುರುತಿನ ಲೈಟ್ ಮಿನುಗುತ್ತಾ ಉಂಟಾ, ಆರಿಹೋಗುತ್ತದಾ? ಮಿನುಗುತ್ತಿದ್ದರೆ ಗಾಡಿಗೆ ಕೀ ಗುರುತು ಸಿಗುತ್ತಿಲ್ಲ ಅಂತ ಅರ್ಥ, ಆಗ ಪಂಪ್ ಗಿಂಪ್ ನೋಡಿ ಪ್ರಯೋಜನವಿಲ್ಲ.

ಕಟಪಾಡಿ_ಕಾರು (7.35)
2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2, ನಾಲ್ಕು ಸಿಲಿಂಡರ್. ಮೊದಲೇ ಹಾಕಬೇಕಿತ್ತು. ಬ್ಯಾಟರಿ 12.4. ಕೀ ಲೈಟ್ ಆರಿಹೋಗುತ್ತದೆ. ತಮ್ಮನಿಗೆ ಹಿಂದಿನ ಸೀಟ್ ಹತ್ತಿರ ಕಿವಿ ಇಡಲು ಹೇಳಿದೆ. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಶಬ್ದ ಬಂದು ನಿಲ್ಲುತ್ತದೆ. ಸೆಲ್ಫ್ ಹೊಡೆಯುವಾಗ ಮಾತ್ರ ಏನೂ ಇಲ್ಲ ಅನ್ನುತ್ತಾನೆ. ತೆಗೆದ ಪ್ಲಗ್ ಒಣಗಿತ್ತು, ಪೆಟ್ರೋಲ್ ವಾಸನೆಯೇ ಇರಲಿಲ್ಲ.

ಮೂಲ್ಕಿ_ಸ್ಪ್ಯಾನರ್ (7.41)
ಹೇಳಿದೆನಲ್ಲ! ಸೆಲ್ಫ್ ಹೊಡೆಯುವಾಗ ಪಂಪ್ ಓಡುತ್ತಿಲ್ಲ, ಪ್ಲಗ್ ಒಣ. ಇನ್ನೇನು ಸಾಕ್ಷಿ ಬೇಕು? ಪಂಪ್ ರಿಲೇ (ಪಂಪ್‌ಗೆ ಕರೆಂಟ್ ಬಿಡುವ ಸ್ವಿಚ್) ತೆಗೆದು ಹಾರ್ನ್ ರಿಲೇ ಹಾಕಿ ನೋಡಿ, ಎರಡರ ನಂಬರ್ ಒಂದೇ ಇದ್ದರೆ. ಅದಕ್ಕೂ ಆಗದಿದ್ದರೆ ಟ್ಯಾಂಕ್ ಒಳಗಿನ ಪಂಪ್ ಬದಲಾಯಿಸಿ.

ಸಂತೆಕಟ್ಟೆ_ಟೂರರ್ (8.05)
ಪೆಟ್ರೋಲ್ ಯಾವಾಗ ಹಾಕಿಸಿದ್ದು? ಈಗ ಬರುವುದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಎಥನಾಲ್ ನೀರು ಹೀರುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದು ಆ ತಳದಿಂದಲೇ. ಒಂದು ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಅರ್ಧ ಗಂಟೆ ಇಟ್ಟು ನೋಡಿ, ಎರಡು ಪದರ ಕಾಣುತ್ತದಾ ಅಂತ.

ಸುರತ್ಕಲ್_ಮೀಟರ್ (8.12)
ಎಲ್ಲ ತಪ್ಪನ್ನೂ ಇ20 ಮೇಲೆ ಹಾಕುವುದು ಬಿಡಿ. ನೀರು ಸೇರಿದ್ದರೆ ಸ್ಟಾರ್ಟ್ ಆಗಿ ಎಳೆದಾಡುತ್ತದೆ, ಒಂದೆರಡು ಸಲವಾದರೂ ಕೆಮ್ಮುತ್ತದೆ. ಇಲ್ಲಿ ಒಂದು ಟಪ್ ಕೂಡ ಇಲ್ಲ.

ಸಂತೆಕಟ್ಟೆ_ಟೂರರ್ (8.15)
ನನ್ನ ಗಾಡಿಯ ಮೈಲೇಜ್ ಇಳಿದದ್ದು ನನಗೆ ಗೊತ್ತು. 2011ರ ಗಾಡಿಯ ರಬ್ಬರ್ ಪೈಪ್‌ಗಳನ್ನು ಇ20ಗೆ ಅಂತ ಮಾಡಿದ್ದಲ್ಲ.

ಸುರತ್ಕಲ್_ಮೀಟರ್ (8.19)
ಮೈಲೇಜ್ ಬೇರೆ, ಪೈಪ್ ಬೇರೆ, ಈ ಸಮಸ್ಯೆ ಬೇರೆ. ಅವರಿಗೆ ಸೋಮವಾರ ಗಾಡಿ ಬೇಕು.

ಬಜಪೆ_800 (8.50)
ನನ್ನದು 1996ರ ಮಾರುತಿ 800, ಕಾರ್ಬುರೇಟರ್ ಗಾಡಿ. ಟ್ಯಾಂಕಿನಲ್ಲಿ ಕರೆಂಟ್ ಪಂಪ್ ಇಲ್ಲ. ಮಳೆಗಾಲದಲ್ಲಿ ಸ್ಟಾರ್ಟ್ ಆಗದಿದ್ದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ಮುಗಿಯಿತು. ಕಳೆದ ವರ್ಷ ಮನೆ ಹಿಂದೆ ಕೆಂಪುಕಲ್ಲಿನ ಶೆಡ್ ಕಟ್ಟಿಸಿದೆ, ನೆಲದಲ್ಲಿ ಗುಂಡಿ ಉಂಟು, ಕೆಳಗೆ ನಿಂತು ಕೆಲಸ ಮಾಡಬಹುದು. ಗುಂಡಿಯ ಎರಡು ಬದಿಗೂ ಟ್ಯೂಬ್‌ಲೈಟ್ ಹಾಕಿದ್ದೇನೆ. ಫೋಟೋ ನಾಳೆ ಹಾಕುತ್ತೇನೆ.

ಕಟಪಾಡಿ_ಕಾರು (9.30)
ರಿಲೇ ಬದಲಾಯಿಸಿದೆ, ಇಲ್ಲ. ಬಾಟಲಿಯಲ್ಲಿ ಪೆಟ್ರೋಲ್ ಚೊಕ್ಕ ಉಂಟು, ಒಂದೇ ಪದರ. ಹತ್ತಿಪ್ಪತ್ತು ಸಲ ಸೆಲ್ಫ್ ಹೊಡೆದು ಈಗ ಬ್ಯಾಟರಿಯೂ ಸುಸ್ತಾಗಿದೆ, ಕಟಕಟ ಅನ್ನುತ್ತಿದೆ. ಪಂಪ್ ತರಿಸಲೇಬೇಕಾ? ಆರೇಳು ಸಾವಿರ ಅಂತ ಗೆಳೆಯ ಹೇಳಿದ. ಹಾಕಿದ ಮೇಲೂ ಸ್ಟಾರ್ಟ್ ಆಗದಿದ್ದರೆ?

ಮಣಿಪಾಲ_ವಯರಿಂಗ್ (9.58)
ಪಂಪ್ ತರಿಸಬೇಡಿ, ಸ್ವಲ್ಪ ನಿಲ್ಲಿ. ಬ್ಯಾಟರಿಯನ್ನು ರಾತ್ರಿ ಚಾರ್ಜ್‌ಗೆ ಹಾಕಿ. ಇನ್ನು ಮುಂದೆ ಒಂದು ಸಲಕ್ಕೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಎರಡು ನಿಮಿಷ ಬಿಡಿ, ಸೆಲ್ಫ್ ಮೋಟರ್ ಸುಟ್ಟುಹೋಗುತ್ತದೆ.

ಎರಡು ಪ್ರಶ್ನೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದಾ? ಏರ್ ಫಿಲ್ಟರ್ ಬಿಚ್ಚಿದ್ದೀರಲ್ಲ, ಆಗ ಒಳಗೆ ಕಾರ್ಬ್ ಕ್ಲೀನರ್ (ಪೆಟ್ರೋಲ್ ಹಾಗೇ ಉರಿಯುವ ಸ್ಪ್ರೇ) ಹೊಡೆದು ನೋಡಿದಿರಾ?

ಯಾಕೆ ಕೇಳಿದೆ ಅಂದರೆ, ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ ಓಡಿ ನಿಲ್ಲುವುದು ಸರಿಯಾದ ಗಾಡಿಯಲ್ಲೂ ಹಾಗೇ. ಆಮೇಲೆ ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಸಿಕ್ಕಿದರೆ ಮಾತ್ರ ಅದು ಪಂಪ್‌ಗೆ ಮತ್ತೆ ಕರೆಂಟ್ ಕೊಡುತ್ತದೆ. ಆ ಸುದ್ದಿ ತರುವುದು ಕ್ರ್ಯಾಂಕ್ (ಇಂಜಿನ್‌ನ ತಿರುಗುವ ಮುಖ್ಯ ದಂಡ) ಸೆನ್ಸರ್. ಅದು ಸುಮ್ಮನಿದ್ದರೆ ಇಸಿಯು ಲೆಕ್ಕಕ್ಕೆ ಇಂಜಿನ್ ನಿಂತೇ ಇದೆ. ಪಂಪ್ ಇಲ್ಲ, ಇಂಜೆಕ್ಟರ್ ಇಲ್ಲ, ಪ್ಲಗ್‌ಗೆ ಸ್ಪಾರ್ಕ್ ಕೂಡ ಇಲ್ಲ. ಅಂದರೆ ಪಂಪ್ ನಿಂತದ್ದೂ ಪ್ಲಗ್ ಒಣಗಿದ್ದೂ ಎರಡೂ ಅದೇ ಒಂದು ಕಾರಣಕ್ಕೆ ಆಗಿರಬಹುದು.

ಮೂಲ್ಕಿ_ಸ್ಪ್ಯಾನರ್ (10.04)
ಇಪ್ಪತ್ತು ವರ್ಷದಿಂದ ಗಾಡಿ ಬಿಚ್ಚುತ್ತಿದ್ದೇನೆ. ಪಂಪ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ಎರಡು ಸೆಕೆಂಡ್ ಓಡುತ್ತದೆ, ಲೋಡ್ ಬಂದರೆ ನಿಲ್ಲುತ್ತದೆ. ನೋಡಿದ್ದೇನೆ.

ಮಣಿಪಾಲ_ವಯರಿಂಗ್ (10.11)
ನೀವು ನೋಡಿರಬಹುದು ಅಣ್ಣ, ಹಾಗೂ ಆಗುತ್ತದೆ. ಆದರೆ ಪಂಪ್ ಒಂದೇ ಕೆಟ್ಟಿದ್ದರೆ ಹೊರಗಿನಿಂದ ಕ್ಲೀನರ್ ಹೊಡೆದಾಗ ಇಂಜಿನ್ ಎರಡು ಸೆಕೆಂಡ್ ಆದರೂ ಹಿಡಿಯಬೇಕು. ಅಷ್ಟು ಮಾಡಿ ನೋಡಿ ಅಂತ ಹೇಳುತ್ತಿದ್ದೇನೆ.

ಕಟಪಾಡಿ_ಕಾರು (ಭಾನುವಾರ, ಬೆಳಿಗ್ಗೆ 8.15)
ಬ್ಯಾಟರಿ ರಾತ್ರಿಯಿಡೀ ಚಾರ್ಜ್ ಆಯಿತು, 12.6. ಕ್ಲೀನರ್ ಹೊಡೆದೆ, ಏನೂ ಇಲ್ಲ, ಕೆಮ್ಮಲೂ ಇಲ್ಲ. ಆರ್‌ಪಿಎಂ ಮುಳ್ಳು ಸೊನ್ನೆಯಲ್ಲೇ ಅಂಟಿಕೊಂಡಿದೆ.

ಇನ್ನೊಂದು ವಿಷಯ. ಹೋದ ವಾರ ಹೆಜಮಾಡಿ ಟೋಲ್ ಹತ್ತಿರ ಓಡುತ್ತಿರುವಾಗಲೇ ಗಾಡಿ ಆಫ್ ಆಗಿತ್ತು. ಹತ್ತು ನಿಮಿಷ ಬಿಟ್ಟು ಹೊಡೆದಾಗ ಸ್ಟಾರ್ಟ್ ಆಯಿತು. ಆಮೇಲೆ ಇನ್ನೊಂದು ಸಲ ಮನೆ ಗೇಟ್ ಹತ್ತಿರ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆ.

ಮಣಿಪಾಲ_ವಯರಿಂಗ್ (8.31)
ಅದನ್ನೇ ಮೊದಲು ಹೇಳಬೇಕಿತ್ತು! ಓಡುವಾಗ ಸಡನ್ ಆಫ್, ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್. ಸೆನ್ಸರ್ ಅಥವಾ ಅದರ ವಯರ್ ಕೈಕೊಡುವ ಮುಂಚೆ ಹೀಗೇ ಮಾಡುತ್ತದೆ. ಕೆಲವು ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಏಳುವುದೇ ಇಲ್ಲ, ಅದಕ್ಕೆ ಇಸಿಯು ಓದುವ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿದರೆ ಅದರಲ್ಲೂ ಆರ್‌ಪಿಎಂ ನೋಡಿ. ಪಿ0335 ಅಂತ ದೋಷದ ಕೋಡ್ ಬಂದರೆ ತೊಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ. ಕೋಡ್ ಬರದಿದ್ದರೂ ಬಿಡಬೇಡಿ.

ಸೆನ್ಸರ್ ಕ್ರ್ಯಾಂಕ್ ಪುಲ್ಲಿ ಹತ್ತಿರ ಅಥವಾ ಗೇರ್‌ಬಾಕ್ಸ್ ಸೇರುವಲ್ಲಿ ಇರುತ್ತದೆ. ಕನೆಕ್ಟರ್‌ನಿಂದ ಹಿಂದಕ್ಕೆ ವಯರ್ ಮೇಲೆ ಬೆರಳು ಓಡಿಸುತ್ತಾ ಬನ್ನಿ. ಕಣ್ಣಿಗೆ ಸಿಗದ್ದು ಬೆರಳಿಗೆ ಸಿಗುತ್ತದೆ. ಗಾಡಿ ಎಲ್ಲಿ ನಿಲ್ಲಿಸುತ್ತೀರಿ?

ಸುರತ್ಕಲ್_ಮೀಟರ್ (8.40)
ಮಲ್ಟಿಮೀಟರ್‌ನಲ್ಲಿ ಸೆನ್ಸರ್‌ನ ಓಮ್ (ರೆಸಿಸ್ಟೆನ್ಸ್) ಅಳೆಯಿರಿ, ಸುಲಭ.

ಮಣಿಪಾಲ_ವಯರಿಂಗ್ (8.44)
ಎರಡು ವಯರ್ ಇರುವ ಸುರುಳಿ ಸೆನ್ಸರ್ ಆದರೆ ಅಳೆಯಬಹುದು. ಮೂರು ವಯರ್ ಇದ್ದರೆ ಸಾಮಾನ್ಯವಾಗಿ ಹಾಲ್ ಸೆನ್ಸರ್ (ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಬಗೆ), ಅದಕ್ಕೆ ಓಮ್ ಲೆಕ್ಕ ನಡೆಯುವುದಿಲ್ಲ. ಕನೆಕ್ಟರ್ ತೆಗೆದು ಕೀ ಆನ್ ಮಾಡಿ, ಸಪ್ಲೈ ಮತ್ತು ಅರ್ತ್ ಬರುತ್ತದಾ ನೋಡಿ.

ಸುರತ್ಕಲ್_ಮೀಟರ್ (8.47)
ಸರಿ, ಎಷ್ಟು ವಯರ್ ಅಂತ ಅವರು ಹೇಳಲಿಲ್ಲವಲ್ಲ. ನಾನು ತಪ್ಪು ಹೇಳಿದ್ದಲ್ಲ.

ಕುಂದಾಪುರ_ಡೀಸೆಲ್ (9.20)
ನನ್ನದೂ ಸೇಮ್ ಸಮಸ್ಯೆ. ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಇಲ್ಲ. ನಾನೂ ಕ್ರ್ಯಾಂಕ್ ಸೆನ್ಸರ್ ಬದಲಾಯಿಸಲಾ?

ಮೂಲ್ಕಿ_ಸ್ಪ್ಯಾನರ್ (9.26)
ಡೀಸೆಲ್ ಕಥೆಯೇ ಬೇರೆ. ಬೇರೆ ಚರ್ಚೆ ಶುರು ಮಾಡಿ.

ಕಟಪಾಡಿ_ಕಾರು (11.20)
ಸಿಕ್ಕಿತು!!

ಗಾಡಿ ನಿಲ್ಲಿಸುವುದು ಮನೆ ಪಕ್ಕದ ಶೀಟ್ ಮಾಡಿನ ಕೆಳಗೆ, ತೆಂಗಿನಕಾಯಿ ರಾಶಿ ಹಾಕುವ ಜಾಗದಲ್ಲೇ. ಮೂರು ವಯರ್. ಕನೆಕ್ಟರ್‌ನಿಂದ ಒಂದು ಗೇಣು ಹಿಂದೆ ಕಪ್ಪು ಕವಚ ಹರಿದಿದೆ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಒಳಗೆ ಎರಡು ವಯರ್ ಸರಿ ಉಂಟು. ಮೂರನೆಯದರ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿದೆ, ಕೂದಲಿನಷ್ಟು ತೆಳು ಒಂದು ಎಳೆ ನೇತಾಡುತ್ತಿತ್ತು, ಮುಟ್ಟಿದ ಕೂಡಲೇ ತುಂಡಾಯಿತು. ಬ್ಯಾಟರಿ ಟ್ರೇ ಹಿಂದೆ ತೆಂಗಿನ ನಾರು, ಬಟ್ಟೆ ಚೂರು, ಒಂದು ಗೂಡೇ ಇತ್ತು. ಇಲಿ ಯಾವಾಗ ಕಚ್ಚಿತೋ. ಮಳೆ ನೀರು, ಈ ಉಪ್ಪು ಗಾಳಿ ಸೇರಿ ಉಳಿದದ್ದನ್ನು ತಿಂದಿದೆ. ಈಗ ಹೇಗೆ ಜೋಡಿಸಲಿ? ಸುಮ್ನೆ ಸುತ್ತಿ ಟೇಪ್ ಹಾಕಲಾ?

ಮಣಿಪಾಲ_ವಯರಿಂಗ್ (11.28)
ಸುತ್ತಿ ಟೇಪ್ ಹಾಕಬೇಡಿ, ಸೋಮವಾರ ದಾರಿ ಮಧ್ಯೆ ಪಡುಬಿದ್ರಿಯಲ್ಲಿ ನಿಲ್ಲುತ್ತೀರಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕಿಲುಬು ಇರುವಷ್ಟೂ ಕತ್ತರಿಸಿ, ಎರಡು ಕಡೆಯೂ ಹೊಳೆಯುವ ತಾಮ್ರ ಕಾಣಬೇಕು. ಗಿಡ್ಡ ಆದರೆ ಅದೇ ದಪ್ಪದ ವಯರ್ ತುಂಡು ಸೇರಿಸಿ. ಮೊದಲು ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯುವ ಕವಚ) ತೂರಿಸಿ, ಆಮೇಲೆ ಸೋಲ್ಡರ್ ಮಾಡಿ, ಟ್ಯೂಬ್ ಎಳೆದು ಬಿಸಿ ಮಾಡಿ. ಸೈಲೆನ್ಸರ್ ಪೈಪ್‌ಗೆ ತಾಗದ ಹಾಗೆ ಕಟ್ಟಿ.

ಕಟಪಾಡಿ_ಕಾರು (ಮಧ್ಯಾಹ್ನ 1.05)
ಅರ್ಧ ಸೆಲ್ಫ್‌ನಲ್ಲೇ ಸ್ಟಾರ್ಟ್! ಮುಳ್ಳು ಎದ್ದದ್ದು ಕಣ್ಣಾರೆ ನೋಡಿದೆ. ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೋಗಿ ಬಂದೆ, ಎಲ್ಲೂ ಆಫ್ ಆಗಲಿಲ್ಲ. ಮಣಿಪಾಲದವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಇಂಜಿನ್ ಲೈಟ್ ಇನ್ನೂ ಉರಿಯುತ್ತಿದೆ, ತೊಂದರೆ ಇಲ್ಲವಾ?

ಮಣಿಪಾಲ_ವಯರಿಂಗ್ (1.12)
ಹಳೆಯ ಕೋಡ್ ಉಳಿದಿರುತ್ತದೆ. ಸ್ಕ್ಯಾನರ್‌ನಲ್ಲಿ ಅಳಿಸಿ. ಮತ್ತೆ ಬಂದರೆ ಮಾತ್ರ ಬರೆಯಿರಿ. ತೆಂಗಿನಕಾಯಿ ರಾಶಿಯನ್ನು ಅಲ್ಲಿಂದ ಇವತ್ತೇ ತೆಗೆಸಿ.

ಸಂತೆಕಟ್ಟೆ_ಟೂರರ್ (1.40)
ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿಡಿ, ಇಲಿ ಬರುವುದಿಲ್ಲ.

ಬಜಪೆ_800 (1.52)
ಹೊಗೆಸೊಪ್ಪಿನ ಮೇಲೆಯೇ ಗೂಡು ಮಾಡಿದ್ದನ್ನು ನಾನು ನೋಡಿದ್ದೇನೆ. ರಾತ್ರಿ ಬಾನೆಟ್ ತೆರೆದಿಡಿ, ಇಲಿಗೆ ಬೆಚ್ಚಗಿನ ಕತ್ತಲೆ ಸಿಗಬಾರದು. ಶೆಡ್ಡಿನ ಫೋಟೋ ಈಗ ಹಾಕಿದ್ದೇನೆ.

ಮೂಲ್ಕಿ_ಸ್ಪ್ಯಾನರ್ (2.10)
ಸ್ಟಾರ್ಟ್ ಆದದ್ದು ಒಳ್ಳೆಯದಾಯಿತು. ಆದರೂ 2011ರ ಪಂಪ್, ಒಮ್ಮೆ ಪ್ರೆಷರ್ ನೋಡಿಸಿ.

ಕುಂದಾಪುರ_ಡೀಸೆಲ್ (3.30)
ಬೇರೆ ಚರ್ಚೆ ಹಾಕಿದೆ, ಯಾರೂ ಉತ್ತರ ಕೊಡಲಿಲ್ಲ. ಇಲ್ಲೇ ಕೇಳುತ್ತೇನೆ. ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೆ ಶುರುವಾದದ್ದು. ಕೈಯಲ್ಲಿ ಒತ್ತುವ ರಬ್ಬರ್ ಪಂಪ್ ಎಷ್ಟು ಒತ್ತಿದರೂ ಗಟ್ಟಿಯಾಗುತ್ತಿಲ್ಲ, ಪೈಪ್‌ನಲ್ಲಿ ಗುಳ್ಳೆ ಕಾಣುತ್ತದೆ. ಮಣಿಪಾಲದವರು ಇದ್ದೀರಾ?