ಬೊಲೆರೊ ಪಿಕಪ್ ಕ್ಲಚ್ ಮನೆಯಲ್ಲೇ ಬದಲಿಸೋದು: ಬರೀ ಪ್ಲೇಟ್ ಸಾಕಾ, ಪೂರ್ತಿ ಸೆಟ್ ಬೇಕಾ?

ಅಡಿಕೆಲೋಡು: ಬೊಲೆರೊ ಪಿಕಪ್, 2.5 ಲೀಟರ್ ಡೀಸೆಲ್, ಟೂ ವೀಲ್ ಡ್ರೈವ್, 1,10,000 ಕಿ.ಮೀ. ಆಗಿದೆ. ಲೋಡ್ ಹಾಕಿ ಏರು ಹತ್ತುವಾಗ 3ನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಆಮೇಲೆ ಸುಟ್ಟ ವಾಸನೆ. ಪೆಡಲ್ ಪೂರ್ತಿ ಮೇಲೆ ಬಂದ ಮೇಲೇ ಹಿಡಿಯೋದು. ಮನೆ ಮುಂದೆ ಸಿಮೆಂಟ್ ಅಂಗಳ, ಸಾಕೆಟ್ ಸೆಟ್, ಎರಡು ಜಾಕಿ ಇದೆ, ಕೈಜೋಡಿಸೋಕೆ ತಮ್ಮನೂ ಇದ್ದಾನೆ. ಪ್ಲೇಟ್ ಒಂದೇ ಹಾಕಿದ್ರೆ ಆಗುತ್ತಾ? ಗೇರ್ ಬಾಕ್ಸ್ ಇಳಿಸುವಾಗ ಎಲ್ಲಿ ಎಡವೋದು?

ಹದಿನಾಲ್ಕು_ಹದಿನೇಳು: ಬಿಚ್ಚೋಕೆ ಮುಂಚೆ ಖಚಿತ ಮಾಡ್ಕೊಳ್ಳಿ ಸರ್. ಎಂಜಿನ್ ಬಿಸಿಯಾಗಿರಲಿ, ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಎಳೆದು 4ನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ಕೂಡಲೇ ಆಫ್ ಆಗಬೇಕು. ಓಡ್ತಾನೇ ಇದ್ರೆ ಕ್ಲಚ್ ಸ್ಲಿಪ್, ಅಂದ್ರೆ ಜಾರ್ತಿದೆ ಅಂತಲೇ ಅರ್ಥ. ಒಂದೇ ಸಲ ಸಾಕು, ಮತ್ತೆ ಮತ್ತೆ ಮಾಡಿದ್ರೆ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ, ಪ್ಲೇಟ್ ಒತ್ತಿಕೊಳ್ಳೋದು ಇದಕ್ಕೇ) ಸುಡುತ್ತೆ. ಪೆಡಲ್ ಫ್ರೀ ಪ್ಲೇ, ಅಂದ್ರೆ ಕ್ಲಚ್ ಬಿಡಿಸೋಕೆ ಶುರುವಾಗೋ ಮುಂಚೆ ಪೆಡಲ್ ಸಡಿಲವಾಗಿ ಇಳಿಯೋ ಅಂತರ, ಅದನ್ನೂ ನೋಡಿ. ಅದು ಸೊನ್ನೆ ಇದ್ರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋದು) ಸದಾ ಒತ್ಕೊಂಡೇ ಇರುತ್ತೆ, ಒಳ್ಳೇ ಪ್ಲೇಟೂ ಜಾರುತ್ತೆ.

ಪ್ಲೇಟ್ ಒಂದೇ ಹಾಕ್ಬೇಡಿ. ಪ್ಲೇಟ್, ಅದನ್ನ ಫ್ಲೈವೀಲ್‌ಗೆ ಒತ್ತೋ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಗೇರ್ ಬಾಕ್ಸ್ ಶಾಫ್ಟ್ ತುದಿ ಕೂರೋ ಪೈಲಟ್ ಬೇರಿಂಗ್ ನಾಲ್ಕೂ ತನ್ನಿ. ದಿನವಿಡೀ ಶ್ರಮ ಹೋಗೋದು ಗೇರ್ ಬಾಕ್ಸ್ ಇಳಿಸೋಕೆ. ಬೇರಿಂಗ್ ಆರು ತಿಂಗಳಲ್ಲಿ ಕಿರುಗುಟ್ಟಿದ್ರೆ ಮತ್ತೆ ಅದೇ ಕೆಲಸ. ಅಂಗಡಿಯಲ್ಲಿ ಚಾಸಿಸ್ ನಂಬರ್ ಕೊಟ್ಟು ಕೇಳಿ. ಹಳೇ ಪ್ಲೇಟ್ ಕೈಗೆ ಬಂದ ಮೇಲೆ ವ್ಯಾಸ ಅಳೆದು, ನಡುತೂತಿನ ಒಳಗಿನ ಸ್ಪ್ಲೈನ್ ಹಲ್ಲು (ಶಾಫ್ಟ್ ಹಿಡಿಯೋ ಗೀರು) ಎಣಿಸಿ ಹೊಸದಕ್ಕೆ ಹೋಲಿಸಿ ನೋಡಿ.

ಬೆಲ್‌ಹೌಸಿಂಗ್: ಇಳಿಸೋ ಕ್ರಮ ಹೇಳ್ತೀನಿ.

ಬ್ಯಾಟರಿ ನೆಗೆಟಿವ್ ತೆಗೀರಿ. ಚಕ್ರಕ್ಕೆ ಅಡ್ಡಗಲ್ಲು ಕೊಡಿ, ಚಾಸಿಸ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಮಲಗಲೇಬಾರದು. ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಉದ್ದ ದಂಡ) ಫ್ಲ್ಯಾಂಜ್ ಎರಡೂ ಕಡೆ ಸೇರೋ ಜಾಗಕ್ಕೆ ಪೇಂಟ್ ಗುರುತು ಹಾಕಿ. ತಿರುಗಿ ಕೂತ್ರೆ ವೈಬ್ರೇಷನ್ ಬರುತ್ತೆ. ಆಮೇಲೆ ಸೆಂಟರ್ ಬೇರಿಂಗ್, ರಿವರ್ಸ್ ಲೈಟ್ ವೈರ್, ಸ್ಪೀಡೋ ಕನೆಕ್ಷನ್, ಸ್ಟಾರ್ಟರ್, ಕ್ಯಾಬಿನ್ ಒಳಗಿಂದ ಗೇರ್ ಲಿವರ್. ಪೆಡಲ್ ಒತ್ತಿದಾಗ ಫ್ಲೂಯಿಡ್ ಬಲದಿಂದ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್ ಬೋಲ್ಟ್ ಬಿಚ್ಚಿ ಪೈಪ್ ಸಮೇತ ಪಕ್ಕಕ್ಕೆ ಕಟ್ಟಿ. ಆಮೇಲೆ ಯಾರೂ ಕ್ಲಚ್ ಪೆಡಲ್ ಮುಟ್ಟಬಾರದು, ಪಿಸ್ಟನ್ ಹೊರಗೆ ಬಿದ್ದು ಬಿಡುತ್ತೆ.

ಗೇರ್ ಬಾಕ್ಸ್ ಹೊತ್ತಿರೋ ಅಡ್ಡಪಟ್ಟಿ, ಅಂದ್ರೆ ಕ್ರಾಸ್ ಮೆಂಬರ್ ಬಿಚ್ಚಿದ್ರೆ ಎಂಜಿನ್ ಹಿಂದಕ್ಕೆ ವಾಲುತ್ತೆ. ಅದಕ್ಕೇ ಮೊದಲೇ ಒಂದು ಜಾಕಿ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗೆ ಹಲಗೆ ಇಟ್ಟು ಕೊಡಿ, ಇನ್ನೊಂದು ಗೇರ್ ಬಾಕ್ಸ್ ಕೆಳಗೆ. ಹೌಸಿಂಗ್ (ಕ್ಲಚ್ ಮುಚ್ಚೋ ಗೇರ್ ಬಾಕ್ಸಿನ ಮುಂದಿನ ಕವಚ) ಬೋಲ್ಟ್‌ಗಳ ಉದ್ದ ಬೇರೆ ಬೇರೆ ಇರಬಹುದು. ರಟ್ಟಿನ ಮೇಲೆ ಹೌಸಿಂಗ್ ಚಿತ್ರ ಬರೆದು, ಯಾವ ತೂತಿನದೋ ಅಲ್ಲೇ ಚುಚ್ಚಿಡಿ.

ಈಗ ಬಹಳ ಜನ ತಪ್ಪೋ ಜಾಗ: ಬಾಕ್ಸ್ ನೇರ ಹಿಂದಕ್ಕೆ ಬರಬೇಕು. ಬಾಕ್ಸಿನ ಮುಂದಿನ ಶಾಫ್ಟ್ ಇನ್ನೂ ಪ್ಲೇಟ್ ಒಳಗಿರುವಾಗ ಬಾಕ್ಸ್ ಜೋತುಬಿದ್ರೆ ಅಷ್ಟೂ ಭಾರ ಪ್ಲೇಟಿನ ಹಬ್ (ನಡುಭಾಗ) ಮೇಲೆ. ಏರಿಸುವಾಗಲೂ ಹೀಗೇ ಆಗಿ ಹೊಸ ಪ್ಲೇಟ್ ಸೊಟ್ಟಗಾಗುತ್ತೆ, ಆಮೇಲೆ ಗೇರ್ ಗರಗರ ಅನ್ನುತ್ತೆ, ಜನ ಕಂಪನಿಯನ್ನ ಬೈತಾರೆ.

ಅಡಿಕೆಲೋಡು: ಇಳೀತು, ಇಬ್ಬರಿಗೂ ಧನ್ಯವಾದ. ಪ್ಲೇಟ್ ರಿವೆಟ್ ಮಟ್ಟಕ್ಕೆ ಸವೆದಿದೆ. ಆದ್ರೆ ಫ್ಲೈವೀಲ್ ಕಡೆ ಮುಖ ಕಪ್ಪಗೆ ಜಿಡ್ಡು, ಹೌಸಿಂಗ್ ತಳದಲ್ಲೂ ಎಣ್ಣೆ. ಫ್ಲೈವೀಲ್ ಮೇಲೆ ನೀಲಿ ಕಲೆ ಇದೆ.

ಹದಿನಾಲ್ಕು_ಹದಿನೇಳು: ಹಾಗೇ ಮುಚ್ಚಿದ್ರೆ ಹೊಸ ಕ್ಲಚ್ ಕೂಡ ಹಾಳು. ಎಣ್ಣೆ ಬೆರಳಿಗೆ ಹಚ್ಚಿ ಮೂಸಿ. ಗಂಧಕದಂಥ ಘಾಟು ಇದ್ರೆ ಗೇರ್ ಆಯಿಲ್, ಅಂದ್ರೆ ಗೇರ್ ಬಾಕ್ಸ್ ಮುಂದಿನ ಶಾಫ್ಟ್ ಸೀಲ್ ಹೋಗಿದೆ. ಕಪ್ಪಗೆ ಮಸಿ ಥರ, ಫ್ಲೈವೀಲ್ ಹಿಂದೆಯೂ ಒದ್ದೆ ಇದ್ರೆ ಎಂಜಿನ್ ಆಯಿಲ್, ಅಂದ್ರೆ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಹಿಂದಿನ ಸೀಲ್ ಹೋಗಿದೆ. ನೀವು ಹೇಳೋದು ನೋಡಿದ್ರೆ ಎರಡನೇದೇ ಇರಬೇಕು. ಫ್ಲೈವೀಲ್ ಗುರುತು ಹಾಕಿ ಬಿಚ್ಚಿ ಸೀಲ್ ಬದಲಿಸಿ. ಹೊಸ ಸೀಲಿನ ತುಟಿಗೆ (ಒಳಅಂಚಿಗೆ) ಎಂಜಿನ್ ಆಯಿಲ್ ಸವರಿ ಕೂರಿಸಿ, ಒಣಗಿದ ಸೀಲ್ ಸ್ಟಾರ್ಟ್ ಮಾಡಿದಾಗಲೇ ಸುಟ್ಕೊಳ್ಳುತ್ತೆ. ಜಿಡ್ಡು ಕುಡಿದ ಪ್ಲೇಟನ್ನ ಪೆಟ್ರೋಲ್‌ನಲ್ಲಿ ತೊಳೆದು ಹಾಕೋಕೆ ಹೋಗ್ಬೇಡಿ, ಬಿಸಿಯಾದಾಗ ಎಣ್ಣೆ ಮತ್ತೆ ಉಕ್ಕುತ್ತೆ.

ನೀಲಿ ಕಲೆ ಅಂದ್ರೆ ಅಲ್ಲಿ ಸುಟ್ಟು ಗಟ್ಟಿಯಾಗಿದೆ. ಉಗುರಿಗೆ ಬಿರುಕು ಸಿಕ್ಕಿದ್ರೆ ಫ್ಲೈವೀಲ್ ಬದಲಿಸಿ. ಇಲ್ಲದಿದ್ರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ, ಅಂದ್ರೆ ಮುಖ ಸಮ ಮಾಡಿಸಿ, ಆದಷ್ಟು ಕಡಿಮೆ ತೆಗೆಸಿ. ಒಳಗಿನ ಧೂಳಿಗೆ ಗಾಳಿ ಊದಬೇಡಿ, ಅದು ಎದೆಗೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬೆಲ್‌ಹೌಸಿಂಗ್: ಜೋಡಿಸುವಾಗ: ಪ್ಲೇಟಿನ ಸ್ಪ್ರಿಂಗ್ ಉಬ್ಬಿರೋ ಕಡೆ ಸಾಮಾನ್ಯವಾಗಿ ಗೇರ್ ಬಾಕ್ಸ್ ಕಡೆ ಇರುತ್ತೆ. ಪ್ಲೇಟ್ ಮೇಲೆ ಬರೆದಿದ್ರೆ ಅದೇ ಕೊನೆಮಾತು. ಫ್ಲೈವೀಲ್, ಪ್ರೆಷರ್ ಪ್ಲೇಟ್ ಎರಡರ ಮುಖವೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಹೊಸ ಪ್ರೆಷರ್ ಪ್ಲೇಟ್ ಮೇಲೆ ತುಕ್ಕು ತಡೆಯೋ ಎಣ್ಣೆ ಹಚ್ಚಿರ್ತಾರೆ, ಅದೂ ಹೋಗಬೇಕು. ಸ್ಪ್ಲೈನ್‌ಗೆ ಕಡಲೆ ಕಾಳಿನಷ್ಟು ಗ್ರೀಸ್ ಸವರಿ, ಪ್ಲೇಟ್ ಹಾಕಿ ತೆಗೆದು, ಹೊರಗೆ ಬಂದಿದ್ದನ್ನ ಒರೆಸಿಬಿಡಿ. ರಿಲೀಸ್ ಬೇರಿಂಗನ್ನ ಡೀಸೆಲ್‌ನಲ್ಲಿ ಅದ್ದಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತೆ.

ಪ್ಲೇಟನ್ನ ಸರಿಯಾಗಿ ನಡುವಿಗೆ ಕೂರಿಸೋಕೆ ಅಲೈನ್‌ಮೆಂಟ್ ಶಾಫ್ಟ್ ಇಲ್ಲದಿದ್ರೆ ಅದೇ ಮಾದರಿ ಗೇರ್ ಬಾಕ್ಸಿನ ಹಳೇ ಇನ್‌ಪುಟ್ ಶಾಫ್ಟ್ (ಪ್ಲೇಟಿಗೆ ತೂರೋ ಮುಂದಿನ ಶಾಫ್ಟ್) ಗ್ಯಾರೇಜ್‌ನಲ್ಲಿ ಕೇಳಿ ತನ್ನಿ. ಪ್ರೆಷರ್ ಪ್ಲೇಟ್ ಬೋಲ್ಟ್‌ಗಳನ್ನ ಎದುರುಬದುರು, ಅರ್ಧರ್ಧ ಸುತ್ತು ಬಿಗಿಸ್ತಾ ಹೋಗಿ. ಒಂದೇ ಕಡೆ ಎಳೆದ್ರೆ ಕವರ್ ಸೊಟ್ಟ. ಕೊನೆಗೆ ಮ್ಯಾನ್ಯುಯಲ್‌ನಲ್ಲಿರೋ ಟಾರ್ಕ್‌ಗೆ (ಬಿಗಿಸೋ ಬಲದ ಅಳತೆಗೆ) ಬಿಗಿ ಮಾಡಿ.

ಬಾಕ್ಸ್ ಏರಿಸುವಾಗ ಬೆರಳಗಲ ಬಾಕಿ ನಿಂತ್ರೆ ಬೋಲ್ಟ್ ತಿರುಗಿಸಿ ಎಳೀಬೇಡಿ, ಹೌಸಿಂಗಿನ ಅಲ್ಯೂಮಿನಿಯಂ ಕಿವಿ (ಬೋಲ್ಟ್ ಕೂರೋ ಚಾಚು) ಮುರಿಯುತ್ತೆ. ಟಾಪ್ ಗೇರ್ ಹಾಕಿ ಹಿಂದಿನ ಫ್ಲ್ಯಾಂಜ್ ಕೈಯಲ್ಲಿ ತುಸು ತಿರುಗಿಸಿ, ಜಾಕಿ ಎತ್ತರ ಸರಿ ಮಾಡಿ. ಹಲ್ಲು ಸಿಕ್ಕಿದ ಕೂಡಲೇ ತಾನೇ ಒಳಗೆ ಜಾರುತ್ತೆ.

ಹದಿನಾಲ್ಕು_ಹದಿನೇಳು: ಸ್ಟಾರ್ಟ್ ಮಾಡೋಕೆ ಮುಂಚೆ ಗೇರ್ ಆಯಿಲ್ ಲೆವೆಲ್ ಪ್ಲಗ್ ತೆಗೆದು ನೋಡಿ, ತೂತಿನ ಅಂಚಿನವರೆಗೆ ಇರಬೇಕು. ಪೆಡಲ್ ಮೆತ್ತಗಿದ್ರೆ, ರಿವರ್ಸ್ ಹಾಕುವಾಗ ಗರ್ ಅಂದ್ರೆ ಲೈನಲ್ಲಿ ಗಾಳಿ ಇದೆ. ನಿಮ್ಮ ತಮ್ಮ ಪೆಡಲ್ ಒತ್ತಿ ಹಿಡೀಲಿ, ನೀವು ಸ್ಲೇವ್ ಸಿಲಿಂಡರಿನ ನಿಪ್ಪಲ್ (ಗಾಳಿ ಬಿಡೋ ತಿರುಪು) ಸಡಿಲಿಸಿ, ಮುಚ್ಚಿದ ಮೇಲೇ ಅವನು ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲೋವರೆಗೂ ಹೀಗೇ, ನಡುವೆ ಡಬ್ಬಿಯಲ್ಲಿ ಫ್ಲೂಯಿಡ್ ಖಾಲಿಯಾಗದ ಹಾಗೆ ನೋಡ್ಕೊಳ್ಳಿ. ಮೊದಲ 500 ಕಿ.ಮೀ. ಭಾರೀ ಲೋಡ್ ಹಾಕಿ ಘಾಟಿ ಹತ್ತಿಸ್ಬೇಡಿ. ಏರಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಹಾಕಿ, ಅರ್ಧ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸಬೇಡಿ.