ಬಾಲಮಂದಿರ ಬಿಟ್ಟ ಹುಡುಗರಿಗೆ ಮೆಂಟರ್ ಆಗೋರಿಗೆ ಏನು ಕಲಿಸಬೇಕು? (ಹುಬ್ಬಳ್ಳಿ-ಧಾರವಾಡ)

ರಾಯಾಪುರದವ:
ಎಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯೊಳಗ ಹನ್ನೆರಡು ಮಂದಿ ಸ್ವಯಂಸೇವಕರು ತಯಾರಾಗ್ಯಾರ. ಬಾಲಮಂದಿರ ಬಿಟ್ಟು ಬಂದವರು, ಸ್ಟೇಶನ್, ಸಿಬಿಟಿ (ಸಿಟಿ ಬಸ್ ನಿಲ್ದಾಣ) ಸುತ್ತಮುತ್ತ ಮಲಗೋ 17ರಿಂದ 21ರ ವಯಸ್ಸಿನ ಹುಡುಗೂರು, ಹಿಂದ ಮುಂದ ಯಾರೂ ಇಲ್ಲದವರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಮೆಂಟರ್ ಅಂತ ವಿಚಾರ. ಒಂದು ರವಿವಾರ ಮುಂಜಾನಿಂದ ಸಂಜಿತನಕ ತರಬೇತಿ ಇಟ್ಟರ ಸಾಕೇನು? ವ್ಯಕ್ತಿತ್ವ ವಿಕಸನದ ಭಾಷಣಕಾರರೊಬ್ಬರು ಬರತೇನಿ ಅಂದಾರ. ರೊಕ್ಕ ಕೇಳಿದ್ರ ಏನ್ ಮಾಡಬೇಕು, ಕಾನೂನು ಏನ್ ಹೇಳತೈತಿ, ಅದನ್ನೂ ತಿಳಿಸ್ರಿ.

ಮಾಳಮಡ್ಡಿ:
ಭಾಷಣಕಾರರನ್ನು ಬಿಟ್ಟುಬಿಡಿ ಸರ್. ಈ ಕೆಲಸಕ್ಕೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಸುವವರು ಬೇಕು.

ಒಂದು ದಿನಕ್ಕೆ ಆಗುವ ಮಾತಲ್ಲ. ಮೂರು ಮೂರು ತಾಸಿನ ನಾಲ್ಕು ಬೈಠಕ್ ಇಡಿ, ವಾರಕ್ಕೊಂದು. ನಾಲ್ಕು ವಾರ ಬರಲಾಗದವರು ವರ್ಷವಿಡೀ ಬರುವುದಿಲ್ಲ, ಅಲ್ಲೇ ಜರಡಿ ಹಿಡಿದಂತಾಗುತ್ತದೆ. ಒಂದು ವರ್ಷಕ್ಕೆ ಒಪ್ಪದವರನ್ನು ಜೋಡಿ ಮಾಡಲೇಬೇಡಿ. ಮೆಂಟರಿಂಗ್ ಬಗ್ಗೆ ನಡೆದ ಅಧ್ಯಯನಗಳಲ್ಲಿ ವರ್ಷ ದಾಟಿದ ಜೋಡಿಗಳಿಂದಲೇ ಹೆಚ್ಚು ಲಾಭ ಕಂಡಿದೆ; ಮೂರು ತಿಂಗಳೊಳಗೆ ಮುರಿದರೆ ಹುಡುಗ ಮೊದಲಿಗಿಂತ ಕುಗ್ಗುತ್ತಾನೆ. ಸೇರಿಸಿಕೊಳ್ಳುವ ಮುಂಚೆ ಪೊಲೀಸ್ ವೆರಿಫಿಕೇಶನ್ ಮತ್ತು ಅವರನ್ನು ಬಲ್ಲ ಇಬ್ಬರೊಂದಿಗೆ ಮಾತುಕತೆ ಕಡ್ಡಾಯ ಮಾಡಿ. 'ಅನಾಥರನ್ನು ಉದ್ಧಾರ ಮಾಡಬೇಕು' ಎಂದು ಬರುವವರನ್ನು ಎರಡು ಸಲ ಯೋಚಿಸಿ ತಗೊಳ್ಳಿ. ಹುಡುಗ ಉದ್ಧಾರವಾಗದಿದ್ದರೆ ಸಿಟ್ಟಿಗೇಳುವವರು ಇವರೇ.

ಬೈಠಕ್‌ನಲ್ಲಿ ಮೂವರ ಗುಂಪು ಮಾಡಿ: ಒಬ್ಬ ಮೆಂಟರ್, ಒಬ್ಬ ಹುಡುಗ, ಒಬ್ಬ ಬರೆದುಕೊಳ್ಳುವವ. ಏಳು ನಿಮಿಷ ಮಾತು, ಆಮೇಲೆ ಪಾತ್ರ ಬದಲು. ಮೆಂಟರ್ ಎಷ್ಟು ಸಲ ಉಪದೇಶ ಮಾಡಿದ, ಎಷ್ಟು ಸಲ 'ಯಾಕೆ' ಅಂದ, ಬರೆಯುವವನು ಈ ಎರಡೇ ಲೆಕ್ಕ ಇಡಬೇಕು. 'ಯಾಕೆ ಮನೆ ಬಿಟ್ಟೆ', 'ಯಾಕೆ ಕೆಲಸ ಬಿಟ್ಟೆ' ಎಲ್ಲ ಆ ಹುಡುಗರು ಠಾಣೆಯಲ್ಲಿ ಕೇಳಿಸಿಕೊಂಡ ಪ್ರಶ್ನೆಗಳು. ಬರುವ ಉತ್ತರವೂ ಠಾಣೆಗೆ ಕೊಟ್ಟದ್ದೇ. 'ಈ ವಾರ ನಿದ್ದೆ ಹೇಗಾಯಿತು', 'ಮಧ್ಯಾಹ್ನ ಊಟ ಎಲ್ಲಿ' ಅಂದರೆ ಮಾತು ಬಿಚ್ಚುತ್ತದೆ. ನಮ್ಮ ಕಡೆ ಭೇಟಿಯಾದ ಕೂಡಲೇ 'ಯಾವೂರು, ಯಾರ ಪೈಕಿ?' ಅನ್ನುವ ರೂಢಿ ಬೇರೆ. ಹೇಳಿಕೊಳ್ಳಲು ಮನೆತನವೇ ಇಲ್ಲದವನಿಗೆ ಇದಕ್ಕಿಂತ ಕೆಟ್ಟ ಆರಂಭ ಇಲ್ಲ. ಇದೊಂದನ್ನು ಬಿಡಿಸಲು ಇಡೀ ತಾಸು ಬೇಕಾದೀತು.

ಎಲ್ಲರೂ ಸೋಲುವ ಜಾಗ ಎಂದರೆ ಹುಡುಗ ಬಾರದ ವಾರ. ಮೊದಲ ಎರಡು ತಿಂಗಳು ಮೇಲಿಂದ ಮೇಲೆ ತಪ್ಪಿಸುತ್ತಾನೆ. ಎಲ್ಲರೂ ಬಿಟ್ಟುಹೋದ ಅನುಭವ ಇರುವವನು ಇವರೂ ಹೋಗುತ್ತಾರಾ ಅಂತ ನೋಡುತ್ತಿರುತ್ತಾನೆ. ಆದ್ದರಿಂದ ಜಾಗ, ಹೊತ್ತು ಬದಲಾಗಬಾರದು. ಇಂದಿರಾ ಗಾಜಿನ ಮನೆಯೋ ಉಣಕಲ್ ಕೆರೆಯ ಉದ್ಯಾನವೋ, ನಾಲ್ಕು ಜನ ಓಡಾಡುವ ಜಾಗವಾಗಿರಲಿ. ಮೆಂಟರ್ ಮನೆ ಬೇಡ. ಅರ್ಧ ತಾಸು ಕಾಯಬೇಕು, ಆಮೇಲೆ 'ಬಂದಿದ್ದೆ, ಮುಂದಿನ ರವಿವಾರ ಇದೇ ಹೊತ್ತಿಗೆ ಇರುತ್ತೇನೆ' ಎಂದು ಒಂದೇ ಮೆಸೇಜ್. ಅದರಲ್ಲಿ ಆಕ್ಷೇಪಣೆಯ ಒಂದು ಪದವೂ ಇರಬಾರದು.

ಕಾಗದಪತ್ರದ ಅಕ್ಕ:
ಮಾಳಮಡ್ಡಿಯವರು ಹೇಳಿದ್ದು ಖರೇ. ಆದ್ರ ಎರಡನೇ ಬೈಠಕ್ ಪೂರ್ತಿ ಕಾಗದಪತ್ರಕ್ಕ ಇಡ್ರಿ. ನಾಕು ಸಮಾಧಾನದ ಮಾತು ಹೇಳಿದವರಿಗಿಂತ ಆಧಾರ್ ಸರಿ ಮಾಡಿಸಿಕೊಟ್ಟವರ ಮ್ಯಾಲೆ ಹುಡುಗೂರಿಗೆ ಲಗೂನ ನಂಬಿಕಿ ಕುಂದರತೈತಿ.

ಆಧಾರ್ ಕಳಕೊಂಡಾನಂದ್ರ ಹೊಸಾದು ಮಾಡಸಾಕ ಓಡಬ್ಯಾಡ್ರಿ. ಬಾಲಮಂದಿರದಾಗ ಒಮ್ಮೆ ಬೆರಳಚ್ಚು ಕೊಟ್ಟಿದ್ರ ಎರಡನೇ ಅರ್ಜಿ ಡುಪ್ಲಿಕೇಟ್ ಅಂತ ತಿರಸ್ಕಾರ ಆಗತೈತಿ. ಆಧಾರ್ ಕೇಂದ್ರದಾಗ ಬೆರಳು ಇಲ್ಲಾ ಕಣ್ಣು ಕೊಟ್ಟು ಹಳೇ ನಂಬರ್ ತಗಸ್ರಿ. 15 ತುಂಬಿದಾಗ ಮಾಡಸಬೇಕಾದ ಬಯೋಮೆಟ್ರಿಕ್ ಅಪ್‌ಡೇಟ್ ಬಿಟ್ಟುಹೋಗಿದ್ರ ಬೆರಳು ಹೊಂದದೇ ಇರಬಹುದು. ಆಗ ಬಾಲಮಂದಿರದ ದಾಖಲೆಯಾಗ ನಂಬರ್ ಹುಡುಕಿ ಮೊದಲ ಆ ಅಪ್‌ಡೇಟ್ ಮಾಡಸ್ರಿ. ಮೊಬೈಲ್ ನಂಬರ್ ಹುಡುಗಂದ ಇರಬೇಕು. ಪಾಪ ಅಂತ ಮೆಂಟರ್ ತನ್ನ ನಂಬರ್ ಕೊಟ್ರ ನಾಳೆ ಬ್ಯಾಂಕಿನ ಓಟಿಪಿ ಸೈತ ಮೆಂಟರ್ ಫೋನಿಗೇ ಬರತಾವು, ರೊಕ್ಕ ಹೆಚ್ಚುಕಮ್ಮಿ ಆದ್ರ ತಗಾದಿ ತಪ್ಪಿದ್ದಲ್ಲ. ವಿಳಾಸಕ್ಕ ಮಾನ್ಯತೆ ಇದ್ದ ಆಶ್ರಯಧಾಮದ ಸೂಪರಿಂಟೆಂಡೆಂಟ್ ಅವರು ಯುಐಡಿಎಐ (ಆಧಾರ್ ಪ್ರಾಧಿಕಾರ) ನಮೂನೆಯೊಳಗ ಸಹಿ ಮಾಡಿದ ಪ್ರಮಾಣಪತ್ರ ನಡೀತೈತಿ. ಅದು ಮೂರು ತಿಂಗಳಷ್ಟ ಚಾಲ್ತಿ, ಕೈಗೆ ಬಂದ ವಾರದಾಗ ಕೆಲಸ ಮುಗಸ್ರಿ.

ಮೈನರ್ ಇದ್ದಾಗಿನ ಬ್ಯಾಂಕ್ ಖಾತೆಗೆ 18 ತುಂಬಿದ ಮ್ಯಾಲೆ ಹೊಸ ಸಹಿ, ಹೊಸ ಕೆವೈಸಿ ಬೇಕು. ಇದು ಗೊತ್ತಿಲ್ಲದೇ ಮೊದಲ ಪಗಾರ ಸಿಕ್ಕೊಳ್ಳೂದು ಭಾಳ. ವೋಟರ್ ಕಾರ್ಡಿಗೆ ಸ್ವಂತ ಮನಿ ಬೇಕಂತಿಲ್ಲ. ಫಾರ್ಮ್ 6ರಾಗ ಮಲಗೋ ಜಾಗ ಬರದ್ರ ಬಿಎಲ್‌ಒ (ಮತಗಟ್ಟೆ ಅಧಿಕಾರಿ) ರಾತ್ರಿ ಬಂದು ನೋಡತಾರ. ಅಸಲಿ ಕಾಗದ ಹುಡುಗನ ಹತ್ರನ ಇರಲಿ, ಡಿಜಿಲಾಕರ್‌ದಾಗ ಒಂದು ಪ್ರತಿ. ಮೆಂಟರ್ ಕಪಾಟಿನ್ಯಾಗ ಇಟ್ಕೊಳ್ಳೂದು ಬ್ಯಾಡ.

ನವಲೂರು ಪೇರಲ:
ಕಾನೂನಿನ ಭಾಗಕ್ಕೆ ಒಂದು ಗೆರೆ ಎಳೆದುಕೊಳ್ಳಿ: 18ರ ಕೆಳಗೆ, 18ರ ಮೇಲೆ.

ಕೆಳಗಿನವರಾದರೆ ಮೆಂಟರ್ ಮನೆಗೆ ಕರಕೊಂಡು ಹೋಗಿ ಇಟ್ಟುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಮಗು ಸಿಕ್ಕರೆ 24 ತಾಸಿನೊಳಗೆ ತಿಳಿಸಲೇಬೇಕು: ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿ ದಂಡ ಅಥವಾ ಎರಡೂ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 19ನೇ ಕಲಂ ಪ್ರಕಾರ ವರದಿ ಕಡ್ಡಾಯ. ಹಾಗಾಗಿ 'ಯಾರಿಗೂ ಹೇಳಲ್ಲ, ನನ್ನ ಮುಂದೆ ಹೇಳು' ಎಂಬ ಮಾತು ಮೆಂಟರ್ ಬಾಯಿಂದ ಬರಲೇಬಾರದು. 'ನಿನ್ನ ಜೀವಕ್ಕೆ ಅಪಾಯ ಇದ್ದರೆ, ಇಲ್ಲವೇ ಕಾನೂನು ತಿಳಿಸಲೇಬೇಕು ಅನ್ನುವ ಇಂಥ ಸಂಗತಿ ಇದ್ದರೆ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ, ಹೇಳುವ ಮುಂಚೆ ನಿನಗೂ ತಿಳಿಸುತ್ತೇನೆ' ಎಂದು ಮೊದಲ ದಿನವೇ ಹೇಳಲಿ. ಫೋಟೊ ಸ್ಟೇಟಸ್ಸಿಗೆ ಹಾಕುವ ಆಸೆಯನ್ನೂ ಅಲ್ಲೇ ಚಿವುಟಿ. ಇಂಥ ಅಪ್ರಾಪ್ತರ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡಿ ಅಪರಾಧ.

ಮೇಲಿನವರಿಗೆ ಅನುಪಾಲನಾ ಸೌಲಭ್ಯ (ಸಂಸ್ಥೆ ಬಿಟ್ಟ ಮೇಲಿನ ನೆರವು) ಇದೆ: ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ, 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಆದರೆ ಕಾಯ್ದೆಯ ವ್ಯಾಖ್ಯೆ ಸಂಸ್ಥೆಯಲ್ಲಿದ್ದು ಹೊರಬಂದವರಿಗೆ ಮಾತ್ರ. ಸ್ಟೇಶನ್ನಿನಲ್ಲೇ ಬೆಳೆದವನು ಇದರಲ್ಲಿ ಬರುವುದಿಲ್ಲ. ನಿಮಗೆ ಸಿಕ್ಕ ಹುಡುಗನಿಗೆ ಹದಿನೇಳೂವರೆ ಆಗಿದ್ದರೆ 'ಇನ್ನಾರು ತಿಂಗಳು ತಾನೇ' ಅನ್ನದೆ ಸಮಿತಿಯ ಮುಂದೆ ಕರೆದುಕೊಂಡು ಹೋಗಲು ಇದೂ ಒಂದು ಕಾರಣ.

ರೊಕ್ಕ: ಕೈಸಾಲ ಬೇಡ, ಬಾಡಿಗೆ ಕರಾರಿಗೆ ಜಾಮೀನು ಸಹಿಯೂ ಬೇಡ. ಸಾಲ ತೀರಿಸಲಾಗದವನು ಮೆಂಟರ್ ಮುಖ ನೋಡಲು ನಾಚಿ ಬರುವುದನ್ನೇ ಬಿಡುತ್ತಾನೆ. ಭೇಟಿಯ ದಿನ ಒಟ್ಟಿಗೆ ನಾಷ್ಟಾ, ಬಸ್ ಚಾರ್ಜು, ಇಷ್ಟು ಸಾಕು. ತುರ್ತಿಗೆ ಸಂಯೋಜಕರ ಬಳಿ ಸಣ್ಣ ನಿಧಿ ಇರಲಿ, ಕೇಳುವುದೂ ಕೊಡುವುದೂ ಅಲ್ಲಿಂದಲೇ.

ರಾಯಾಪುರದವ:
ಭಾಳ ಉಪಕಾರಾತ್ರಿ. ಇನ್ನೆರಡು: ಪಂಕ್ಚರ್ ಸಲ್ಯೂಶನ್, ವೈಟ್ನರ್ ಮೂಸಿ ಬಂದ್ರ? ಮತ್ತ ಮೆಂಟರ್‌ಗೆ ನಡುವ ಬೆಂಗಳೂರಿಗೆ ವರ್ಗ ಆದ್ರ?

ಮಾಳಮಡ್ಡಿ:
ಮೂಸಿದ ಹೊತ್ತಿನಲ್ಲಿ ಗದರುವುದು, ಬೆನ್ನಟ್ಟುವುದು ಖಂಡಿತ ಬೇಡ. ಆ ದ್ರಾವಕಗಳು ಏರಿದಾಗ ಹೆದರಿಕೆ, ಓಟದಿಂದ ಎದೆಬಡಿತದ ಲಯ ತಪ್ಪಿ ಜೀವವೇ ಹೋಗಬಹುದು. ಗಾಳಿಯಾಡುವ ಕಡೆ ಕೂರಿಸಿ, ಮಾತು ಕಡಿಮೆ ಮಾಡಿ, ಅಮಲು ಇಳಿಯುವವರೆಗೆ ಜೊತೆಗಿರಿ. ಎಚ್ಚರ ತಪ್ಪಿದರೆ ಮಗ್ಗುಲಿಗೆ ಮಲಗಿಸಿ 108. ಬುದ್ಧಿಮಾತೇನಿದ್ದರೂ ಮರುದಿನ. ಬಿಡುವ ಮನಸ್ಸಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಮೊದಲ ಸಲ ಮೆಂಟರ್ ಜೊತೆಗೇ ಹೋಗಬೇಕು. ಚೀಟಿ ಮಾಡಿಸುವ ಸಾಲಿನಿಂದಲೇ ವಾಪಸ್ ಬರುವವರು ಇರುತ್ತಾರೆ. ಸಾಯುವ ಮಾತು ಆಡಿದರೆ 'ಜೀವ ಕಳಕೊಳ್ಳುವ ಯೋಚನೆ ಬಂದಿದೆಯಾ' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಬ್ಬನೇ ಬಿಡಬೇಡಿ, ಸಂಯೋಜಕರಿಗೆ ಫೋನ್ ಮಾಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಸಿಗುತ್ತದೆ.

ವರ್ಗ ಗೊತ್ತಾದ ವಾರವೇ ಹುಡುಗನಿಗೆ ಹೇಳಬೇಕು, ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. 'ಫೋನಲ್ಲಿ ಇರುತ್ತೇನೆ' ಅಂದರೆ ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಿ, ಆಗದಿದ್ದರೆ ಆ ಮಾತೇ ಬೇಡ. ಹೊಸ ಮೆಂಟರ್ ಕೊನೆಯ ಎರಡು ಭೇಟಿಗೆ ಹಳಬರ ಜೊತೆಯಲ್ಲೇ ಬಂದು ಕೂರಲಿ. ಜಾಗ, ಹೊತ್ತು ಹಳೆಯದೇ.